ಬಟ್ಟೆ ಕಟ್ಟಿದ ತಾಸೆ

"ಗಟ್ಟಿ ಕಟ್ಟಾ ಬೇವರ್ಸಿ! ಒಂದು ಸದ್ದು ಹೊರಗೆ ಬಂದ್ರೆ ಕೈ ಮುರಿದು ಕೊಡ್ತೇನೆ. ಮತ್ತೆ ಮೀನಿನ ಬುಟ್ಟಿ ಹೊರ್ಲಿಕ್ಕೂ ಆಗ್ಬಾರ್ದು ನಿಂಗೆ!"

ಹೀಗೆ ಬೈದವನು ಕಮಲೇಶ. ಪಡೀಲಿನ ಆ ಮೈದಾನದ ಒಡೆಯ, ಊರೆಲ್ಲ ಫ್ಲಾಟು ಕಟ್ಟಿಸುವ ಬಿಲ್ಡರ್, ಈ ವರ್ಷದ ಹುಲಿವೇಷ ಸ್ಪರ್ಧೆಯ ಅಧ್ಯಕ್ಷ. ನಂತೂರಿನಿಂದ ಪಡೀಲಿನವರೆಗೆ ಕರೆಂಟು ಕಂಬಕ್ಕೊಂದರಂತೆ ಅವನ ಫ್ಲೆಕ್ಸು ತೂಗುತ್ತಿತ್ತು. ಎಲ್ಲದರಲ್ಲೂ ಕೈಮುಗಿದು ನಗುತ್ತಿದ್ದ. ಮುಗಿಯದೆ ಇರುವಾಗ ಆ ಕೈ ಏನು ಮಾಡುತ್ತದೆಂದು ನಾವು ಬಲ್ಲೆವು.

ಬೈಸಿಕೊಂಡವನು ಕಿಟ್ಟಣ್ಣ, ನಮ್ಮ ಹೊಯಿಗೆಬಜಾರ್ ತಂಡದ ತಾಸೆಯವನು. ವೇದಿಕೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕೊರಳಿಗೆ ಕಟ್ಟಿಕೊಂಡು ಎರಡು ಕೋಲುಗಳಿಂದ ಬಾರಿಸುವ ತನ್ನ ತಾಸೆಯ ಬಾಯಿಗೆ ಹೆಗಲ ಮೇಲಿನ ಹಳೆಯ ಬೈರಾಸನ್ನು ಮಡಚಿ ಕಟ್ಟುತ್ತಿದ್ದ. ಹೆಣದ ಬಾಯಿಗೆ ಕಟ್ಟುವ ಹಾಗೆ ಕಟ್ಟುತ್ತಿದ್ದ. ಪಕ್ಕದಲ್ಲಿ ನಾನು, ಪುರಂದರ, ನನ್ನ ಡೋಲಿಗೆ ಗೋಣಿಚೀಲ ಸುತ್ತುತ್ತಿದ್ದೆ. ಹುಲಿ ಕುಣಿಯುವುದು ತಾಸೆಗೆ, ಡೋಲಿಗಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಕಿಟ್ಟಣ್ಣ ತಲೆ ಎತ್ತದೆಯೇ ಕೇಳಿದ. "ಅಣ್ಣ, ಉಳಿದದ್ದಕ್ಕೆಲ್ಲ ಆ ರೆಕಾರ್ಡೇ ಇರ್ಲಿ. ಹುಲಿ ಹಲ್ಲಲ್ಲಿ ಅಕ್ಕಿಮುಡಿ ಎತ್ತುವಾಗ ಮಾತ್ರ ಅದನ್ನು ಬಂದ್ ಮಾಡಿ. ಅಷ್ಟು ಹೊತ್ತು ನಾನು ಬಾರಿಸ್ತೇನೆ."

"ಎಂತಕ್ಕೆ? ರೆಕಾರ್ಡಿನಲ್ಲಿ ಇರುದು ನಿನ್ನದೇ ಪೆಟ್ಟಲ್ವಾ?"

"ನನ್ನದೇ ಅಣ್ಣ. ಆದ್ರೆ ಅದು ದಿಂಬಿನ ಪೆಟ್ಟು."

"ಎಂತ ದಿಂಬು ಮಾರಾಯ?"

ಹೇಳಿದರೆ ಯಾರಿಗಾದರೂ ನಗು ಬರುತ್ತದೆ, ಆವತ್ತು ನಮಗೂ ಬಂದಿತ್ತು. ಮಳೆ ಬಿಟ್ಟ ಹೊಸತರಲ್ಲಿ ಕಮಲೇಶ ನಮ್ಮನ್ನು ಕಂಕನಾಡಿಯ ಡೆರಿಲ್‌ನ ಮಾಳಿಗೆಯ ರೆಕಾರ್ಡಿಂಗ್ ಸ್ಟುಡಿಯೋಗೆ ಕಳಿಸಿದ್ದ. "ನಿಮ್ಮ ಕಲೆ ಉಳಿಸ್ಲಿಕ್ಕೆ ಉಂಟು" ಎಂದಿದ್ದ. ಉಳಿಸುತ್ತೇನೆ ಎಂದವನ ಕೈಯಲ್ಲಿ ಉಪ್ಪು ಇರುತ್ತದೆಂದು ಮೀನಿನವರಾದ ನಮಗೇ ಹೊಳೆಯಲಿಲ್ಲ. ಸ್ಟುಡಿಯೋದಲ್ಲಿ ಗೋಡೆ ನೋಡಿಕೊಂಡು ಬಾರಿಸಲು ಕಿಟ್ಟಣ್ಣನ ಕೈ ಏಳಲಿಲ್ಲ. ಎದುರಿಗೆ ಹುಲಿ ಬೇಕು ಎಂದ. ಅವನ ಅಕ್ಕನ ಮಗ ಶೈಲೇಶನನ್ನು ಮೀನಿನ ದೋಣಿಗಳು ನಿಲ್ಲುವ ಧಕ್ಕೆಯಿಂದ ಕರೆಸಿದೆವು. ಅವನು ಮೀನಿನ ವಾಸನೆಯ ಬನಿಯನ್ನಿನಲ್ಲೇ ಕುಣಿದ. ಕೊನೆಗೆ ಮುಡಿಯ ಸರದಿ ಬಂತು. ಅಕ್ಕಿ ತುಂಬಿದ ಹುಲ್ಲಿನ ಮುಡಿಯನ್ನು ಮಾಳಿಗೆಗೆ ಹೊರುವವರು ಯಾರು? ಡೆರಿಲ್ ಸೋಫಾದ ದಿಂಬು ಎಸೆದ. ಶೈಲೇಶ ದಿಂಬಿನ ಮೂಲೆ ಕಚ್ಚಿ, ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಹಾರಿಸಿದ. ಕಿಟ್ಟಣ್ಣ ಅವನನ್ನೇ ನೋಡಿಕೊಂಡು ಬಾರಿಸಿದ. ಡೆರಿಲ್ "ಇನ್ನೊಮ್ಮೆ ಮಾಡಿ, ಒಂದು ಹೋದ್ರೆ ಒಂದು ಇರ್ಲಿ" ಎಂದ. ಮತ್ತೊಮ್ಮೆ ದಿಂಬು ಹಾರಿತು, ತಾಸೆಯ ಪೆಟ್ಟು ಬಿತ್ತು, ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಕಿಟ್ಟಣ್ಣ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನದೇ ಪೆಟ್ಟು ಕೇಳಿ, "ಇದು ನಾನಾ ಮಾರಾಯ?" ಎಂದು ಮಗುವಿನ ಹಾಗೆ ನಗುತ್ತಾ ಕೂತಿದ್ದ.

ನಿಜವಾದ ಮುಡಿಯ ಲೆಕ್ಕವೇ ಬೇರೆ. ಹಗ್ಗ ಕಚ್ಚಿ ಬಾಗಿದ ಹುಲಿಗೆ ಎದುರಿನದು ಕಾಣುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ. ತಾಸೆ ಮೆಲ್ಲಗೆ ಉರುಳುತ್ತಾ ಅವನ ಉಸಿರಿಗೆ ಕಾಯಬೇಕು. ಉಸಿರು ತುಂಬಿದ್ದು ಕಂಡ ಮೇಲೆ ಒಂದು ಗಟ್ಟಿ ಪೆಟ್ಟು, ಆಗ ಎತ್ತುತ್ತಾನೆ. ಮುಡಿ ಎದೆಗೆ ಬಂದ ಮೇಲೆ ಇನ್ನೊಂದು, ಆಗ ಎಸೆಯುತ್ತಾನೆ. ಎಷ್ಟೋ ವರ್ಷಗಳ ರೂಢಿಯಿಂದ ಹುಲಿಯ ಮೈ ಆ ಪೆಟ್ಟಿಗೆ ತಾನಾಗಿ ಏಳುತ್ತದೆ, ಅವನು ಬೇಡವೆಂದರೂ ಏಳುತ್ತದೆ.

ಕಿಟ್ಟಣ್ಣ ಇಷ್ಟನ್ನೂ ತೊದಲುತ್ತಾ ಹೇಳಿದ. ಕಮಲೇಶ ಜೋರಾಗಿ ನಕ್ಕ. "ದಿಂಬು ಅಂತೆ! ಕೇಳಿದ್ರಾ?" ಎಂದು ತನ್ನ ಬೌನ್ಸರುಗಳಿಗೂ ಹೇಳಿ ನಗಿಸಿದ. ಆಮೇಲೆ ನಗು ನಿಲ್ಲಿಸಿದ.

"ನೋಡು, ನಂಗೆ ಲೈವ್ ಉಂಟು. ಹುಲಿಗಳನ್ನು ಕರೆಸುವ ದುಬೈಯ ಪಾರ್ಟಿ ನೋಡ್ತಾ ಉಂಟು. ನಿನ್ನ ಲಟಾರಿ ತಾಸೆ ಮೈಕಿನಲ್ಲಿ ಕರಕರ ಅಂತದೆ. ಡೆರಿಲ್ ಕ್ಲೀನ್ ಮಾಡಿ ಇಟ್ಟಿದ್ದಾನೆ, ಅದೇ ಸಾಕು."

"ಹಾಗಾದ್ರೆ ನಾವು ಎಂತಕ್ಕೆ?" ಎಂದೆ ನಾನು.

"ಚಂದಕ್ಕೆ. ಬಾರಿಸುವವ್ರು ಇಲ್ಲದೆ ಹುಲಿ ಕುಣಿದ್ರೆ ಬೋಳು ಬೋಳು ಕಾಣ್ತದೆ. ಕೋಲು ಆಡಿಸಿ, ನಗಾಡಿ, ಅಷ್ಟೇ ಕೆಲಸ. ದುಬೈಗೆ ಹೋಗುದು ಹುಲಿಗಳು ಮಾತ್ರ. ನಿಮ್ಮ ಪೆಟ್ಟು ನನ್ನ ಮೊಬೈಲಿನಲ್ಲಿ ಬರ್ತದೆ."

ಕಿಟ್ಟಣ್ಣ ಎದ್ದು ನಿಂತ. "ಹುಡುಗನ ಕುತ್ತಿಗೆ ಹೋಗ್ತದೆ ಅಣ್ಣ."

ಕಮಲೇಶನ ಕೈ ಯಾವಾಗ ಬೀಸಿತೋ ತಿಳಿಯಲಿಲ್ಲ. ಕಿಟ್ಟಣ್ಣ ಬಣ್ಣದ ಡಬ್ಬಿಗಳ ಮೇಲೆ ಬಿದ್ದ. ಹಳದಿ ಪೈಂಟು ಚೆಲ್ಲಿ ಅವನ ಬಿಳಿಗೂದಲಿಗೆ ಮೆತ್ತಿತು.

"ಎದುರು ಮಾತಾಡ್ತೀಯಾ ಸೂಳೆಮಗನೆ? ಬಣ್ಣ ನಂದು, ಜಾಗ ನಂದು, ಅಕ್ಕಿ ನಂದು. ಕುತ್ತಿಗೆ ಮಾತ್ರ ನಿಂದಾ?"

ಆಚೆ ಬಿದಿರಿಗೆ ಕೈ ಚಾಚಿ ಮೈಯ ಬಣ್ಣ ಒಣಗಿಸುತ್ತಾ ನಿಂತಿದ್ದ ಶೈಲೇಶ ನುಗ್ಗಿ ಬಂದ. ಅವನ ಬೆನ್ನಿನ ಮೇಲೆ ಪಟ್ಟೆಗಳ ನಡುವೆ ಕಮಲೇಶನ ಕಂಪನಿಯ ಹೆಸರು ಬರೆಸಿದ್ದರು. ಹುಲಿಗೆ ಮಾಲೀಕ ಇರುವುದನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲ. ಕಮಲೇಶ ಬೆರಳು ತೋರಿಸಿದ. "ಅಲ್ಲೇ ನಿಲ್ಲು. ಬಣ್ಣ ಹಾಳಾದ್ರೆ ನಿನ್ನಪ್ಪ ಹಾಕಿಸ್ತಾನಾ?" ಎಂದು ಉಗುಳಿ, ಅತಿಥಿಗಳ ಕಡೆ ಕೈಮುಗಿಯುತ್ತಾ ಹೋದ.

"ಹೋಗುವ ಶೈಲು," ಎಂದ ಕಿಟ್ಟಣ್ಣ. "ಸೀಮೆಣ್ಣೆ ಹಾಕಿ ತೊಳ್ಕೊ. ಈ ನಾಯಿಯ ಎದುರು ಕುಣಿಯುದು ಬೇಡ."

"ಹೋಗಿ ಎಂತ ಮಾಡುದು ಮಾವ? ಧಕ್ಕೆಯಲ್ಲಿ ಬುಟ್ಟಿ ಹೊರುದಾ? ಒಮ್ಮೆ ದುಬೈಗೆ ಹೋಗಿ ಬಂದ್ರೆ ಮತ್ತೆ ನಮ್ಮದೇ ತಂಡ, ನಮ್ಮದೇ ಬಣ್ಣ. ಆಗ ನಿಮ್ಮನ್ನು ನಾನು ಕೂರಿಸಿ ಬಾರಿಸ್ತೇನೆ... ಅಲ್ಲ, ನೀವು ಬಾರಿಸಿ, ನಾನು ಕುಣೀತೇನೆ." ಹುಡುಗ ಮಾವನ ಕೂದಲಿನ ಹಳದಿಯನ್ನು ಬೆರಳಿನಿಂದ ಒರೆಸಿದ. "ಆಗ್ತದೆ ಮಾವ. ನಾನು ಬೇಗ ಎತ್ತುತ್ತೇನೆ."

"ಬೇಗ ಎತ್ತುಲಿಕ್ಕೆ ಅದು ದಿಂಬಾ ಮಗಾ?"

ಅಷ್ಟರಲ್ಲಿ ಧೂಪದ ಹೊಗೆ ತಂದಿದ್ದರು. ನಮ್ಮ ತಂಡದಲ್ಲಿ ಧೂಪ ತೋರಿಸಿದ ಮೇಲೆ ಹುಲಿ ಮಾತಾಡಬಾರದು, ಬಣ್ಣ ಕಳಚುವವರೆಗೆ ಹೆತ್ತ ತಾಯಿ ಕರೆದರೂ ಓಗೊಡಬಾರದು. ಕಿಟ್ಟಣ್ಣ ಧೂಪದ ತಟ್ಟೆಯನ್ನು ಹುಡುಗನಿಂದ ದೂರ ಹಿಡಿದ. ಶೈಲೇಶ ತಾನೇ ಬಗ್ಗಿ ಹೊಗೆಗೆ ಮುಖ ಕೊಟ್ಟ. ಅಲ್ಲಿಗೆ ಮಾತು ಮುಗಿಯಿತು.

ಮಧ್ಯಾಹ್ನದ ಬಿಸಿಲಿಗೆ ವೇದಿಕೆಯ ಹಲಗೆ ಕಾದಿತ್ತು. ಡೆರಿಲ್ ಕೆಳಗೆ ತನ್ನ ಮೇಜಿನಲ್ಲಿ ಬಟನ್ ಒತ್ತಿದ. ಎರಡೂ ಬದಿಯಲ್ಲಿ ಗೋಪುರದ ಹಾಗೆ ಜೋಡಿಸಿದ್ದ ಸ್ಪೀಕರುಗಳಿಂದ ಕಿಟ್ಟಣ್ಣನ ತಾಸೆ ಸಿಡಿಯಿತು. ಎದೆಗೂಡೇ ಅದುರುವಷ್ಟು ಸದ್ದು. ಆ ಸದ್ದಿನ ಒಡೆಯ ನನ್ನ ಪಕ್ಕದಲ್ಲಿ, ಕೂದಲಿಗೆ ಹಳದಿ ಮೆತ್ತಿಕೊಂಡು, ಬೈರಾಸಿನ ಮೇಲೆ ಕೋಲು ಆಡಿಸುತ್ತಿದ್ದ. "ನಗಾಡಾ, ನಗಾಡು!" ಎಂದು ಪರದೆಯ ಹಿಂದಿನಿಂದ ಬೌನ್ಸರ್ ಗದರಿದ. ಕಿಟ್ಟಣ್ಣ ಹಲ್ಲು ತೋರಿಸಿದ.

ಹುಲಿಗಳು ಚೆನ್ನಾಗಿಯೇ ಕುಣಿದವು. ಲಾಗ ಹಾಕಿದವು, ಕೈಯಲ್ಲಿ ನಡೆದವು. ಜನ ಮೊಬೈಲು ಎತ್ತಿ ಹಿಡಿದು ಕೂಗಿದರು. ಆಮೇಲೆ ಮುಡಿ ತಂದು ನಡುವೆ ಇಟ್ಟರು. ಶೈಲೇಶ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ, ಬಾಗಿ ಹಗ್ಗ ಕಚ್ಚಿದ.

ಕಚ್ಚಿದ್ದಷ್ಟೇ, ಎತ್ತುವ ಪೆಟ್ಟು ಬಿದ್ದೇಬಿಟ್ಟಿತು. ಅವನ ಕುತ್ತಿಗೆಯ ನರ ಹುರಿಗೊಂಡು ಮುಡಿ ನೆಲ ಬಿಟ್ಟಿತು. ಮೊಣಕಾಲಿಗೆ ಬರುವ ಮೊದಲೇ ಎಸೆಯುವ ಪೆಟ್ಟು. ಮೈ ಏಳಲು ಹೋಯಿತು, ಅವನು ಹೇಗೋ ತಡೆದ. ಇಡೀ ದೇಹ ನಡುಗಿತು. ಸ್ಪೀಕರಿನಲ್ಲಿ ತಾಸೆ ಗೆದ್ದ ಖುಷಿಯಲ್ಲಿ ಉರುಳತೊಡಗಿತ್ತು. ಜನ "ಹೋ" ಎಂದು ಗೇಲಿ ಮಾಡಿದರು. ಮೊಣಕಾಲ ಬಳಿ ಮುಡಿ ತೂಗಾಡುತ್ತಿತ್ತು; ಅವನ ತುಟಿಯಿಂದ ರಕ್ತ ಇಳಿಯುತ್ತಿತ್ತು.

ಕಿಟ್ಟಣ್ಣ ಬೈರಾಸು ಹರಿದು ಬಿಸಾಡಿದ. ಹಾರಿ ಶೈಲೇಶನ ಮುಖದ ಎದುರೇ ನಿಂತು ಮೆಲ್ಲಗೆ, ಮೆಲ್ಲಗೆ ಬಾರಿಸಿದ. ಅಷ್ಟು ದೊಡ್ಡ ಗಲಾಟೆಯ ನಡುವೆ ಆ ಸಣ್ಣ ಸದ್ದು ನಮಗೇ ಕೇಳುತ್ತಿರಲಿಲ್ಲ. ಶೈಲೇಶನಿಗೆ ಕೇಳಿಸಿತು. ಅವನ ಪಕ್ಕೆ ಅಗಲವಾದದ್ದು, ಉಸಿರು ತುಂಬಿದ್ದು ಕಂಡೆ. ಕಿಟ್ಟಣ್ಣ ಪೆಟ್ಟು ಕೊಟ್ಟ. ಮುಡಿ ಹೊಟ್ಟೆಗೆ ಬಂತು, ಎದೆಗೆ ಬಂತು. "ಎತ್ತಿಬಿಟ್ಟ ಮಗ!" ಎಂದು ನಾನು ಅಳುತ್ತಾ ಕೂಗಿದೆ.

"ಆ ಮುದಿ ನಾಯಿಯನ್ನು ಎಳೀರಾ!" ಮೈಕ್ ಹಿಡಿದಿದ್ದ ಕಮಲೇಶ ಅರಚಿದ.

ಇಬ್ಬರು ಬೌನ್ಸರುಗಳು ಕಿಟ್ಟಣ್ಣನ ಮೇಲೆ ಬಿದ್ದರು. ಅವನು ಒಬ್ಬನ ಕಣ್ಣಿಗೆ ಕೋಲು ಚುಚ್ಚಿದ. ಇನ್ನೊಬ್ಬ ಅವನ ಬಲಗೈ ಹಿಡಿದು, ಬೆರಳುಗಳನ್ನು ತಾಸೆಯ ಅಂಚಿಗೆ ಇಟ್ಟು ಹಿಂದಕ್ಕೆ ಮಡಚಿದ. ಮುರಿದದ್ದು ನನಗೆ ಕಾಣಿಸಿತು. ಅವನ ತಾಸೆ ನಿಂತಿತು. ಮುಡಿ ಶೈಲೇಶನ ಗದ್ದದ ಕೆಳಗೆ ಹಾಗೆಯೇ ಇತ್ತು.

ಆಗ ಸ್ಪೀಕರಿನಿಂದ ಬಿತ್ತು, ದಿಂಬನ್ನು ಎರಡನೇ ಸಲ ಹಾರಿಸಿದ ಪೆಟ್ಟು.

ಪಾಪದ ಮೈ ನಂಬಿತು. ಉಸಿರಿಲ್ಲದ ಕುತ್ತಿಗೆ ಸಟ್ಟನೆ ಹಿಂದಕ್ಕೆ ಹೋಯಿತು, ಮುಡಿಯ ಭಾರ ಮುಖದ ಮೇಲೆಯೇ ಬಂತು, ಶೈಲೇಶ ಅಂಗಾತ ಬಿದ್ದ. ಜನ ಚಪ್ಪಾಳೆ ತಟ್ಟಿದರು. ಆಟದ ಭಾಗ ಎಂದುಕೊಂಡಿರಬೇಕು.

ನಾವು ಮುಡಿ ಉರುಳಿಸಿದೆವು. ಕಣ್ಣು ತೆರೆದಿತ್ತು, ಉಸಿರಿತ್ತು. ಕಾಲು ಅಲುಗುತ್ತಿರಲಿಲ್ಲ. ಕಿಟ್ಟಣ್ಣ ತೆವಳಿಕೊಂಡು ಬಂದು ಅಳಿಯನ ಗಲ್ಲ ತಟ್ಟಿದ. "ಶೈಲು, ಮಾತಾಡು. ನಾನು ಹೇಳ್ತೇನೆ ಮಾತಾಡು, ದೋಷ ಬಂದ್ರೆ ನಂಗೆ ಬರ್ಲಿ. ಮಾತಾಡಾ ಮಗಾ!" ಶೈಲೇಶ ಅವನನ್ನು ನೋಡಿದ. ಬಾಯಿ ತೆರೆಯಲಿಲ್ಲ. ಆಗಲಿಲ್ಲವೋ, ತೆರೆಯಬಾರದೆಂದೋ, ನನಗೆ ಈಗಲೂ ಗೊತ್ತಿಲ್ಲ.

"ಹಿಂದೆ ಎಳೀರಿ ಅವನನ್ನು!" ಕಮಲೇಶ ನಮ್ಮ ತಲೆಯ ಮೇಲೆಯೇ ನಿಂತು ಮೈಕಿನಲ್ಲಿ ಹೇಳುತ್ತಿದ್ದ. "ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ, ಕೂತ್ಕೊಳ್ಳಿ. ಡೆರಿಲ್, ಮೊದಲಿಂದ ಹಾಕು. ಏಯ್ ಹುಲಿಗಳೇ, ಕುಣೀರಾ, ಲೈವ್ ಉಂಟು!"

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಯಾರ ದವಡೆ ಎಂದು ಗಾದೆಯಲ್ಲಿ ಹೇಳಿಲ್ಲ. ನಾನು ಡೋಲಿನ ದಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಮೈಕ್ ಬಾಯಿಯ ಹತ್ತಿರವೇ ಇತ್ತು. ಕಮಲೇಶನ ಹಲ್ಲು ಮುರಿದ ಸದ್ದು ಇಡೀ ಪಡೀಲಿಗೆ ಕೇಳಿಸಿತು, ದುಬೈಗೂ ಕೇಳಿಸಿರಬೇಕು. ಇನ್ನೊಂದು ಕೊಟ್ಟೆ. ಮೂರನೆಯದಕ್ಕೆ ಬೌನ್ಸರುಗಳು ನನ್ನ ತಲೆ ಒಡೆದರು. ಉಳಿದ ಹುಲಿಗಳು ಅವರ ಮೇಲೆ ಹಾರಿದವು. ಬಣ್ಣ, ರಕ್ತ ಯಾವುದೆಂದು ತಿಳಿಯುತ್ತಿರಲಿಲ್ಲ. ಹುಲಿವೇಷದ ಮೂವರು ಶೈಲೇಶನನ್ನು ಹಲಗೆಯ ಮೇಲೆ ಮಲಗಿಸಿ, ಟೆಂಪೋ ಹತ್ತಿಸಿ ಆಸ್ಪತ್ರೆಗೆ ಕೊಂಡೊಯ್ದರು. ಜನ ಕುರ್ಚಿ ದಾಟಿ ಓಡಿದರು. ಡೆರಿಲ್ ಮೇಜು ಬಿಟ್ಟು ಓಡಿದ್ದ. ರೆಕಾರ್ಡ್ ನಿಲ್ಲಿಸುವವರೇ ಇರಲಿಲ್ಲ.

ಕಣ್ಣಿಗೆ ಇಳಿದ ರಕ್ತ ಒರೆಸಿಕೊಂಡು ನೋಡಿದಾಗ ಕಿಟ್ಟಣ್ಣ ಪೆಂಡಾಲಿನ ಕಬ್ಬಿಣದ ಸರಳು ಹಿಡಿದು ಸ್ಪೀಕರುಗಳ ಗೋಪುರವನ್ನು ಮೀಟುತ್ತಿದ್ದ. ಎಡಗೈಯೊಂದೇ. ಬಲಗೈಯ ಬೆರಳುಗಳು ಸೊಪ್ಪಿನ ಹಾಗೆ ಜೋತಿದ್ದವು. ನಾನು ಹೆಗಲು ಕೊಟ್ಟೆ. ಗೋಪುರ ವಾಲಿ ಬಿತ್ತು, ಆಚೆ ಬದಿಯದನ್ನೂ ಬೀಳಿಸಿದೆವು. ಸ್ಪೀಕರುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಒಂದು ಮಾತ್ರ ಮಣ್ಣಿಗೆ ಮುಖ ಹಾಕಿ ಬಿದ್ದುಕೊಂಡೇ ಬಾರಿಸುತ್ತಿತ್ತು, ಚುರುಕಾಗಿ, ಖುಷಿಯಲ್ಲಿ.

ಕಿಟ್ಟಣ್ಣ ಅದಕ್ಕೆ ಸರಳಿನಿಂದ ಹೊಡೆದ. ಮರ ಸೀಳಿತು. ತಾಸೆ ನಿಲ್ಲಲಿಲ್ಲ. ಮತ್ತೆ ಹೊಡೆದ. ಗೇಟಿನ ಕಡೆಯಿಂದ ಪೊಲೀಸರು ಬೂಟು ಬಡಿಯುತ್ತಾ ಓಡಿಬರುತ್ತಿದ್ದರು. ನಾನು ಒಂದು ಕಗ್ಗಲ್ಲು ಎತ್ತಿಕೊಂಡೆ.

"ಬದಿಗೆ ಹೋಗಿ ಕಿಟ್ಟಣ್ಣ. ನಾನು ಹಾಕ್ತೇನೆ."

"ನೀನು ಮುಟ್ಬೇಡ." ಅವನು ಸರಳನ್ನು ತಲೆಯ ಮೇಲೆ ಎತ್ತಿದ್ದ. "ಅದು ನನ್ನ ಕೈ. ನಾನೇ ಕೊಲ್ತೇನೆ."