ಜಗಲಿ ಮೇಲಿನ ಚಾರ್ಜರ್

ಕಾರು ಬರಲು ಇನ್ನು ಎರಡೇ ದಿನ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ, ಕಂಡವರ ಮೊಣಕೈಯಿಂದ ತಿವಿಸಿಕೊಂಡು ನಿಂತೇ ಊರು ಸುತ್ತಿದ ಲತಾಮಣಿ, ಅಂದರೆ ನಾನು, ಸ್ವಂತ ಎಲೆಕ್ಟ್ರಿಕ್ ಕಾರಿನಲ್ಲಿ ಕೂರುವವಳಿದ್ದೆ. ಆರು ತಿಂಗಳು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದೆ. ಕನಸಿನಲ್ಲೂ ಪುಟ್ಟೇನಹಳ್ಳಿ ಕೆರೆ ಸುತ್ತ ಓಡಿಸುತ್ತಿದ್ದೆ.

ಬಾಕಿ ಇದ್ದದ್ದು ಮನೆಯಲ್ಲಿ ಹಾಕಿಸುವ ಚಾರ್ಜರ್ ಒಂದೇ. ನನ್ನ ಗಂಡ ಪ್ರಸನ್ನ ಬಸ್ ಡ್ರೈವರ್. ಡಿಪೋದಲ್ಲಿ ಎಲೆಕ್ಟ್ರಿಕ್ ಬಸ್ಸುಗಳನ್ನು ನೋಡಿ ನೋಡಿ, ಚಾರ್ಜರ್ ಅಂದರೆ ಬೀರುವಿನಷ್ಟು ದೊಡ್ಡದಿರಬೇಕು ಎಂಬುದು ಅವರ ವಾದ.

"ದೊಡ್ಡದೇ ಹಾಕ್ಸೋಣ ಕಣೇ. ಊಟ ಮಾಡಿ ಕೈ ತೊಳ್ಯೋಷ್ಟ್ರಲ್ಲಿ ಫುಲ್ ಆಗ್ಬೇಕು."

ಗುರುವಾರ ಬೆಳಗ್ಗೆ ಜಾಗ ನೋಡಲು ಬಂದ ಚಾರ್ಜರ್ ಕಂಪನಿಯ ಭಾರ್ಗವ ನಮ್ಮ ಮೀಟರ್ ಬೋರ್ಡ್ ನೋಡಿ ಅಡ್ಡಡ್ಡ ತಲೆಯಾಡಿಸಿದ.

"ಈ ಕನೆಕ್ಷನ್‌ಗೆ ದೊಡ್ಡದು ತಡ್ಯಲ್ಲ ಸಾರ್. ದಿನಾ ಎಷ್ಟು ಓಡಿಸ್ತೀರಾ ಮೇಡಂ?"

"ಡಿಪೋಗೆ ಹೋಗಿ ಬರೋದು. ಭಾನುವಾರ ಅಂಜನಾಪುರಕ್ಕೆ, ತಂಗಿ ಮನೆಗೆ."

"ಹಂಗಾದ್ರೆ ಚಿಕ್ಕದೇ ಸಾಕು. ಸಂಜೆ ಸಿಕ್ಸಿದ್ರೆ ಬೆಳಗ್ಗೆ ಹೊತ್ಗೆ ಫುಲ್."

ಮೊದಲಿಂದಲೂ ಚಿಕ್ಕದು ಸಾಕು ಅನ್ನುತ್ತಿದ್ದ ನಾನು ಗೆದ್ದೆ. ಪ್ರಸನ್ನನವರ ಮುಖ ಊದಿಕೊಂಡಿತು.

ನಮ್ಮ ಅಂಗಳ ಒಂದು ಕಾರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಮುಂದೆ ಗೇಟು, ಹಿಂದೆ ಮನೆಯ ಗೋಡೆ, ಗೋಡೆಗೆ ಅಂಟಿಕೊಂಡು ಕಲ್ಲುಚಪ್ಪಡಿಯ ಜಗಲಿ. ಆ ಜಗಲಿ ನಮ್ಮತ್ತೆ ಸಪ್ಪಲಮ್ಮನವರದು. ಮಂಡಿನೋವು ಬಂದ ಮೇಲೆ ಮೂರು ವರ್ಷದಿಂದ ಅವರು ಗೇಟು ದಾಟಿಲ್ಲ. ಸಂಜೆಯಾದರೆ ಬೀದಿಯ ಹೆಂಗಸರೇ ಬಂದು ಪಕ್ಕದಲ್ಲಿ ಕೂರುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ, ಊರ ಸುದ್ದಿಯೆಲ್ಲ ಅಲ್ಲೇ ಇತ್ಯರ್ಥವಾಗುತ್ತದೆ.

ಪ್ರಸನ್ನ ಸೀಮೆಸುಣ್ಣ ತಂದು, ಕಾರು ಎಲ್ಲಿ ನಿಲ್ಲುತ್ತದೆಂದು ನೆಲದ ಮೇಲೆ ಬರೆದರು. ಹಿಂಭಾಗ ಜಗಲಿಯ ಕಡೆ, ಮೂತಿ ಗೇಟಿನ ಕಡೆ. ಈ ಕಾರಿಗೆ ಚಾರ್ಜ್ ಸಿಕ್ಕಿಸುವುದು ಮೂತಿಯಲ್ಲಿ. ಭಾರ್ಗವ ಚಾರ್ಜರ್ ಕೂರಬೇಕಿದ್ದ ಮನೆಯ ಗೋಡೆಯಿಂದ ಅಲ್ಲಿವರೆಗೆ ಟೇಪು ಹಿಡಿದ. ಐದು ಮೀಟರ್ ಕೇಬಲ್ಲು ಒಂದು ಮೊಳ ಸಾಲದಾಯಿತು.

ಉದ್ದದ ಕೇಬಲ್ಲು ತರಿಸಲು ಒಂದೂವರೆ ತಿಂಗಳು. ಗಂಟು ಹಾಕಿ ಉದ್ದ ಮಾಡುವ ಹಾಗಿಲ್ಲ. ಗೇಟಿನ ಕಂಬಕ್ಕೆ ಹಾಕಿದರೆ ದಾರಿಹೋಕರ ಕೈಗೆ ಸಿಗುತ್ತದೆ. ಪಕ್ಕದ ಗೋಡೆ ನಮ್ಮದಲ್ಲ.

"ಜಗಲಿ ಒಡೆದ್ರೆ ಕಾರು ಎರಡಡಿ ಹಿಂದಕ್ಕೆ ಹೋಗುತ್ತೆ," ಎಂದರು ಪ್ರಸನ್ನ, ಮೆಲ್ಲಗೆ.

ಜಗಲಿಯ ಮೇಲೇ ಕೂತಿದ್ದ ಅತ್ತೆ ಎದ್ದರು. "ಒಡೀರಪ್ಪ. ಕಲ್ಲು ತಾನೆ." ಎಲೆ ಅಡಿಕೆ ಚೀಲ ಎತ್ತಿಕೊಂಡು ಒಳಗೆ ಹೋದರು.

ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಬರುವುದು ಕೋಪ.

"ಯಾರೂ ಏನೂ ಒಡೆಯೋದ್ ಬೇಡ! ಕಾರೇ ಬೇಡ, ಕ್ಯಾನ್ಸಲ್ ಮಾಡಿ! ಇಷ್ಟು ವರ್ಷ ನಿಂತಿದ್ದೀನಿ, ಇನ್ನೂ ನಿಂತ್ಕೊತೀನಿ!"

ನನ್ನ ಕೂಗಿಗೆ ಅತ್ತೆ ಬಾಗಿಲಿಗೆ ಬಂದು ನೆಲದ ಗೆರೆ ನೋಡಿದರು.

"ಇದ್ಯಾಕ್ಲಾ ಪ್ರಸನ್ನ, ನಿನ್ ಕಾರು ನನ್ ಕಡೆ ತಿಕ ಮಾಡ್ಕೊಂಡ್ ನಿಂತದೆ?"

"ಗಾಡಿ ನಿಲ್ಸೋದೇ ಹಂಗೆ ಕಣವ್ವ. ಮೂತಿ ಹೊರಗೆ."

"ಯಾರ್ ಹೇಳಿದ್ದು? ಇದೇ ಜಾಗದಲ್ಲಿ ಮೂರು ಹಸ ಕಟ್ಟಿದ್ದೀನಿ. ಮೇವು ಗೋಡೆ ಕಡೆ ಇದ್ರೆ ಮೂತಿನೂ ಗೋಡೆ ಕಡೆ. ತಿನ್ನೋದು ಬಾಯಲ್ಲಿ ತಾನೆ?"

ನಾನೂ ಪ್ರಸನ್ನನವರೂ ಮುಖ ಮುಖ ನೋಡಿಕೊಂಡೆವು. ಡಿಪೋದಲ್ಲಿ ಬಸ್ಸು ಮೂತಿ ಹೊರಗೆ ಮಾಡಿಯೇ ನಿಲ್ಲಬೇಕು, ತಪ್ಪಿದರೆ ಮೆಮೋ. ನಾನು ಹಿಂದೆ ನಿಂತು ವಿಷಲ್ ಊದುವುದು, ಅವರು ರಿವರ್ಸ್ ಬರುವುದು. ಗಾಡಿಯನ್ನು ಬೇರೆ ಥರ ನಿಲ್ಲಿಸಬಹುದೆಂದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

"ಸಾರ್ ಅಷ್ಟು ಗ್ಯಾರಂಟಿಯಾಗಿ ಬರೆದ್ರಲ್ಲ, ಏನೋ ಕಾರಣ ಇರ್ಬೇಕು ಅಂದ್ಕೊಂಡೆ," ಎಂದ ಭಾರ್ಗವ.

ನಾನು ಕಾಲಿನಿಂದಲೇ ಗೆರೆ ಅಳಿಸಿದೆ. ತಿರುಗಿಸಿ ಬರೆದರೆ ಕೇಬಲ್ಲು ಬೇಕಾದಷ್ಟು ಮಿಕ್ಕಿತು. ಅಂಗಳದಲ್ಲೇ ಕುಣಿದುಬಿಟ್ಟೆ. ಪ್ರಸನ್ನ ಮಾತ್ರ ಬಿಡಲಿಲ್ಲ.

"ಹೊರಗೆ ತೆಗೆಯೋವಾಗ ರೋಡಿಗೆ ರಿವರ್ಸ್ ಬರ್ಬೇಕಲ್ಲ, ಯಾರು ನೋಡೋರು? ನಾನಂತೂ ಡ್ಯೂಟಿಲಿರ್ತೀನಿ."

ಶನಿವಾರ ಕಾರು ಬಂತು. ಕೆಂಪು! ಜಗಲಿಯ ಮೇಲಿನ ಗೋಡೆಯಲ್ಲಿ ಚಾರ್ಜರ್, ಕೆಳಗೆ ಅತ್ತೆ. ಕೇಬಲ್ ಸಿಕ್ಕಿಸಿದ್ದು ಅವರೇ. ಹಸಿರು ದೀಪ ಹತ್ತಿದಾಗ ಬಾನೆಟ್ ತಟ್ಟಿ, "ತಿನ್ನು, ತಿನ್ನು," ಎಂದರು.

ಭಾನುವಾರ ಬೆಳಗ್ಗೆ ತಂಗಿ ಮನೆಗೆ ಹೊರಟೆ. ಪ್ರಸನ್ನ ಡ್ಯೂಟಿಯಲ್ಲಿದ್ದರು. ಬ್ಯಾಗಿನಿಂದ ನನ್ನ ವಿಷಲ್ ತೆಗೆದು ಅತ್ತೆಯ ಕೈಗಿಟ್ಟೆ.

"ಒಂದ್ಸಲ ಊದಿದ್ರೆ ನಿಲ್ಸು, ಎರಡು ಸಲ ಊದಿದ್ರೆ ಹೊರಡು. ಗೇಟಿನ ಒಳಗೇ ನಿಂತು ಹೇಳಿ ಅತ್ತೆ, ಸಾಕು."

ಅವರು ಕಾರನ್ನೇ ಹಿಡಿದುಕೊಂಡು ನಡೆದರು. ಗೇಟು ತೆಗೆದರು. ಒಳಗೆ ನಿಲ್ಲಲಿಲ್ಲ, ರಸ್ತೆಗೇ ಇಳಿದರು. ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದು ಬೀದಿಯೆಲ್ಲ ಕೇಳುವಂತೆ ಊದಿದರು. ನನ್ನ ಕಣ್ಣು ಮಂಜಾಗಿ ಕನ್ನಡಿಯೇ ಕಾಣಲಿಲ್ಲ.

ಕಾರು ರಸ್ತೆಗೆ ಬಂದ ಮೇಲೆ ಅತ್ತೆ ಗೇಟು ಎಳೆದು ಚಿಲಕ ಹಾಕಿ ನನ್ನ ಪಕ್ಕದ ಬಾಗಿಲು ತಟ್ಟಿದರು.

"ತೆಗಿ. ಗೇಟು ದಾಟಿದ್ದಾಯ್ತು, ಇನ್ಯಾಕೆ ವಾಪಸ್ ಹೋಗ್ಲಿ?"

ಕೂತು, ಸೆರಗು ಸರಿ ಮಾಡಿಕೊಂಡು, ವಿಷಲ್ ಎರಡು ಸಲ ಊದಿದರು. ನಾನು ಹೊರಟೆ.