ಕೈ ತೆಗೆಯುವ ಹೊತ್ತು

ಖಾನಾಪುರದ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರ. ಹೆಸರು ಪಾಯಪ್ಪ. ಗಣಿತದ ಮಾಸ್ತರರಿಗೆ ಕುರ್ಚಿ ಇತ್ತು, ಇಂಗ್ಲಿಷಿನವರಿಗೆ ಕೈಗಳಿದ್ದ ಕುರ್ಚಿ ಇತ್ತು, ನನಗೆ ಮೈದಾನವಿತ್ತು. ಹುಡುಗರನ್ನು ಸಾಲಾಗಿ ನಿಲ್ಲಿಸುವುದಷ್ಟೇ ನನ್ನ ಕೆಲಸವೆಂದು ಅವರೆಲ್ಲ ತಿಳಿದಿದ್ದರು. ಹೆಂಡತಿ ಜಿನಮತಿ ಇರುವ ತನಕ ಅವಳಿಗಾದರೂ ಹೇಳಿಕೊಳ್ಳುತ್ತಿದ್ದೆ: ಇವತ್ತು ಇಂಥವನು ಮಲ್ಲಗಂಬ ಏರಿದ, ಇಂಥವನು ಹೆದರಿದ ಎಂದು. ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುವ ಮನೆತನ ನಮ್ಮದು. ಅವಳು ಅವಸರದಲ್ಲಿ ರೊಟ್ಟಿ ತಟ್ಟುತ್ತಲೇ ಎಲ್ಲ ಕೇಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ರೊಟ್ಟಿ ತಟ್ಟುವುದನ್ನು ಕಲಿತೆ. ಒಬ್ಬನೇ ಮಾತಾಡುವುದು ಮಾತ್ರ ಬರಲಿಲ್ಲ.

ಹಿಂದಕ್ಕೆ ಲಾಗ ಹಾಕುವುದನ್ನು ಎಂಥ ಪುಕ್ಕಲನಿಗೂ ಕಲಿಸುವ ವಿದ್ಯೆ ನನ್ನಲ್ಲಿತ್ತು. ಬೈಗುಳವಿಲ್ಲ, ಬೆತ್ತವಿಲ್ಲ. ಪಕ್ಕದಲ್ಲಿ ನಿಂತು ಹುಡುಗನ ಸೊಂಟದ ಹಿಂದೆ ಅಂಗೈ ಇಡುವುದು. ಒಂದು ದಿನ ಅವನಿಗೆ ತಿಳಿಯದಂತೆ ಕೈ ತೆಗೆದುಬಿಡುವುದು. ಲಾಗ ಹಾಕಿ ನಿಂತವನು ತಿರುಗಿ ನೋಡಿದರೆ ನಾನು ಕೈ ಕಟ್ಟಿಕೊಂಡು ನಿಂತಿರುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಒಬ್ಬನ ಎಲುಬೂ ಮುರಿದಿರಲಿಲ್ಲ.

ಇಪ್ಪತ್ತಾರನೆಯ ಇಸವಿಯ ದೀಪಾವಳಿಗೆ ಮುಂಚೆ ಬೆಳಗಾವಿಯಲ್ಲಿ ಡ್ರಿಲ್ ಮಾಸ್ತರರ ಸಭೆ ಕರೆದರು. ಪ್ರತಿಯೊಬ್ಬರೂ ತಾವು ಕಲಿಸುವ ರೀತಿಯನ್ನು ಉಳಿದವರಿಗೆ ತೋರಿಸಬೇಕಂತೆ. ತೋರಿಸಿದ್ದೇನು? ಹನ್ನೊಂದು ಜನ ಎಡಗಾಲು ಬಲಗಾಲು ಎತ್ತಿ ಇಳಿಸಿದರು. ನಾವೆಲ್ಲ ಗರಡಿಯಲ್ಲಿ ಬೆಳೆದವರು. ಒಂದು ಗರಡಿಯ ಗುಟ್ಟನ್ನು ಇನ್ನೊಂದರವರ ಮುಂದೆ ಬಿಚ್ಚುವ ರೂಢಿ ನಮ್ಮಲ್ಲಿಲ್ಲ. ನನಗೆ ಕುಸ್ತಿ ಕಲಿಸಿದ ವಸ್ತಾದರಂತೂ ಸ್ವಂತ ಶಿಷ್ಯರಿಂದಲೂ ಒಂದು ಪಟ್ಟನ್ನು ಮುಚ್ಚಿಟ್ಟುಕೊಂಡೇ ಸತ್ತರು.

ನಾನು ಮಾತ್ರ ಒಬ್ಬ ಹುಡುಗನನ್ನು ನಿಲ್ಲಿಸಿ, ಸೊಂಟದ ಹಿಂದೆ ಅಂಗೈ ಇಟ್ಟು ತೋರಿಸಿದೆ. ಎಲ್ಲರೂ ಸುತ್ತ ನೆರೆದರು. ಬೆಳಗಾವಿಗೆ ಹತ್ತಿಕೊಂಡ ಅನಗೋಳದ ಕೃಷ್ಣಾಜಿ, ಹಗಲು ಶಾಲೆಯಲ್ಲಿ ಡ್ರಿಲ್ ಕಲಿಸಿ ಸಂಜೆ ತನ್ನದೇ ಗರಡಿ, ಅಲ್ಲಿಯವರ ಮಾತಿನಲ್ಲಿ ತಾಲೀಮು, ನಡೆಸುವವನು, ಮುಂದೆ ಬಂದ.

“ಮಾಸ್ತರ, ಕೈ ಯಾವಾಗ ತಗೀಬೇಕ್ರಿ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹುಡುಗನ ಭಾರ ಅಂಗೈ ಮೇಲೆ ಬೀಳುವುದು ನಿಂತ ಮೇಲೆ ತೆಗೆಯಬೇಕು. ಅದಕ್ಕೆ ಮೂರು ದಿನ ಹಿಡಿಯಲಿ, ಮೂರು ತಿಂಗಳು ಹಿಡಿಯಲಿ. ಇಷ್ಟೇ ಮಾತು. ನುಂಗಿಬಿಟ್ಟೆ.

“ಅದು ಕೈಗೇ ತಿಳೀತೈತ್ರಿ,” ಅಂದೆ.

ದೊಡ್ಡ ವೇದಾಂತ ಕೇಳಿದವರಂತೆ ಎಲ್ಲರೂ ತಲೆದೂಗಿದರು. ಚಹಾ ಕುಡಿಯುವಾಗ ನಾಲ್ಕು ಮಂದಿ ನನ್ನ ಪಕ್ಕದಲ್ಲೇ ಕೂತರು. ಎಷ್ಟು ವರ್ಷವಾಗಿತ್ತು ಹಾಗೆ ಯಾರಾದರೂ ಕೂತು! ಯಾರೋ ಒಬ್ಬರು ಕಾಗದ ಬರೆದು ಮತ್ತೆ ಕೇಳಿಯಾರು, ಖಾನಾಪುರಕ್ಕೇ ಬಂದಾರು ಎಂಬ ಆಸೆ ಹುಟ್ಟಿತು. ಸುಳ್ಳೇಕೆ, ಆ ಮಾತನ್ನು ಉಳಿಸಿಕೊಂಡದ್ದೂ ಅದಕ್ಕೇ. ಆರು ತಿಂಗಳು ಅಂಚೆಯವನ ದಾರಿ ಕಾದೆ. ಒಬ್ಬನೂ ಬರೆಯಲಿಲ್ಲ.

ಬೇಸಿಗೆಯಲ್ಲಿ ಅನಗೋಳದ ಗಾಡಿಯ ಭರಮಪ್ಪ ಸಂತೆಗೆ ಬಂದವನು ಸುದ್ದಿ ಹೇಳಿದ.

“ಕೃಷ್ಣಾಜಿ ತಾಲೀಮಿನ್ಯಾಗ ಹಿಂದಲಾಗ ಕಲಸಾಕತ್ತಾರ್ರಿ. ಒಬ್ಬಂದು ಭುಜ ತಪ್ಪೇತಿ, ಇನ್ನೊಬ್ಬಂದು ಕುತ್ತಿಗಿ ಅತ್ತಿತ್ತ ಹೊಳ್ಳವಲ್ದು.”

ತಪ್ಪು ನನ್ನದೇ ಆಗಿತ್ತು. ಭಾನುವಾರ ರೈಲು ಹತ್ತಿ ಅನಗೋಳಕ್ಕೆ ಹೋದೆ.

ತಾಲೀಮಿನ ಬಾಗಿಲು ಮುಚ್ಚಿತ್ತು, ಒಳಗೆ ಯಾರೋ ಒಂದು, ಎರಡು ಎಂದು ಎಣಿಸುತ್ತಿದ್ದರು. ತಟ್ಟಿದಾಗ ಸಿದರಾಯ ಎಂಬ ಮೀಸೆಯ ಪೈಲವಾನ ಮುಖ ತೂರುವಷ್ಟೇ ತೆರೆದ.

“ಹೊರಗಿನವ್ರನ್ನ ಈಗ ಒಳಗ ಬಿಡಂಗಿಲ್ರಿ. ಕೃಷ್ಣಾಜಿ ವಸ್ತಾದರು ತಮ್ಮ ಸ್ವಂತ ವಿದ್ಯಾ ಹೇಳಿಕೊಡಾಕತ್ತಾರ.”

“ಯಾವ ವಿದ್ಯಾರೀ ಅದು?”

“ಬೆನ್ನಿಗೆ ಕೈ ಕೊಟ್ಟು ಲಾಗ ಹಾಕ್ಸೂದು. ಖರೇ ಹೇಳ್ತೀನಿ, ಇಡೀ ಬೆಳಗಾವ್ಯಾಗ ಮತ್ತ ಯಾರಿಗೂ ಬರಂಗಿಲ್ಲ.”

ಅಗಳಿ ಹಾಕಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಸ್ವಂತ ವಿದ್ಯೆಯಂತೆ! ಹಾಳಾಗಿ ಹೋಗಲಿ ಎಂದು ತಿರುಗಿ ನಾಲ್ಕು ಹೆಜ್ಜೆ ಹಾಕಿದೆ. ಆಗಲೇ ಒಳಗೆ ಯಾರೋ ಧೊಪ್ಪನೆ ಬಿದ್ದರು. ಕಾಲ ಮೇಲೆ ಇಳಿದ ಸದ್ದಲ್ಲ ಅದು, ಬೆನ್ನ ಮೇಲೆ ಬಿದ್ದದ್ದು. ಹಿಂದೆಯೇ ಎಳೆಯ ದನಿಯೊಂದು ನರಳಿತು.

ಓಡಿಬಂದು ಎರಡೂ ಕೈಯಿಂದ ಬಾಗಿಲು ಬಡಿದೆ.

“ಕೃಷ್ಣಾಜಿ! ಲಗೂನ ಕೈ ತಗೀಬ್ಯಾಡ್ರಿ! ಹುಡುಗನ ಭಾರ ಅಂಗೈ ಮ್ಯಾಲೆ ಬೀಳೂದು ನಿಂತ ಮ್ಯಾಲೆ ತಗೀರಿ! ಅಲ್ಲೀತನಕ ಬ್ಯಾಡ!”

ಆಮೇಲೆ ಕೃಷ್ಣಾಜಿಯ ದನಿ ಬಾಗಿಲಿನ ಹತ್ತಿರದಿಂದಲೇ ಬಂತು.

“ಇನ್ನೊಮ್ಮೆ ಹೇಳ್ರಿ.”

ಹೇಳಿದೆ. ಯಾವ ಕಾಲು ಮುಂದಿಟ್ಟು ನಿಲ್ಲಬೇಕು, ಭಾರ ಕಡಿಮೆಯಾದದ್ದು ಹೇಗೆ ತಿಳಿಯುತ್ತದೆ, ಎಲ್ಲವನ್ನೂ ಆ ಹಲಗೆಗೆ ಬಾಯಿ ಹಚ್ಚಿ ಹೇಳಿದೆ. ಏನನ್ನೂ ಉಳಿಸಿಕೊಳ್ಳಲಿಲ್ಲ.

“ತಿಳೀತ್ರಿ,” ಅಂದ. ಯಾರು ನೀವು ಎಂದು ಕೇಳಲಿಲ್ಲ. ದನಿಯ ಗುರುತು ಸಿಕ್ಕಿರಲೇಬೇಕು. ಶಿಷ್ಯರ ಮುಂದೆ ಹೆಸರು ಹಿಡಿದು ಹೇಗೆ ಕರೆದಾನು?

ಒಳಗೆ ಎಣಿಕೆ ಮತ್ತೆ ಶುರುವಾಯಿತು. ಎರಡೂ ಕಾಲು ಕೂಡಿ ಮಣ್ಣಿಗಿಳಿದ ಸದ್ದು ಒಂದು ಬಂತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾರೂ ಬೀಳಲಿಲ್ಲ. ನನ್ನನ್ನು ಕೇಳುವಂಥದ್ದು ಇನ್ನು ಅವರಿಗೆ ಏನೂ ಉಳಿದಿರಲಿಲ್ಲ. ಆದರೂ ಬಾಗಿಲು ತೆಗೆದಾರು ಎಂದು, ಖಾನಾಪುರದ ಸಂಜೆಯ ರೈಲು ತಪ್ಪುವ ತನಕ ಅಲ್ಲೇ ನಿಂತಿದ್ದೆ.