ಎರಡು ಮಾರ್ಕಿನ ಭಯ

ಆಸ್ಪತ್ರೆಯ ಮಂಚದ ಕೆಳಗೆ ನುಗ್ಗಿ ಅದರ ಕಾಲನ್ನು ತಬ್ಬಿಕೊಂಡು ಕೂತ ಮಗ ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಐದು ವರ್ಷದ ಹುಡುಗ. ಅತ್ತಾಗಲೆಲ್ಲ ತೊಡೆಸಂದಿನಲ್ಲಿ ಗಂಟು ಉಬ್ಬುತ್ತಿತ್ತು. ಹರ್ನಿಯಾ, ಚಿಕ್ಕ ಆಪರೇಷನ್ನು, ಆದರೆ ಇನ್ನು ತಡಮಾಡಬೇಡಿ ಎಂದು ಡಾಕ್ಟರು ಗದರಿದ್ದರು. ಈ ಸರದಿಗಾಗಿ ಅವನ ತಾಯಿ ಲೆಕ್ಚರರಮ್ಮ ಎರಡು ತಿಂಗಳು ಕಾದಿದ್ದಳು.

"ಇನ್ನು ಸ್ವಲ್ಪ ಹೊತ್ತು ನೋಡ್ತೀನಿ. ಆಮೇಲೆ ಬೇರೆ ಮಗೂನ ಒಳಗೆ ಕಳಿಸಿಬಿಡ್ತೀನಿ," ಎಂದು ನರ್ಸ್ ಮುಖ ಗಂಟಿಕ್ಕಿ ಹೋದಳು.

ಕೈಕೂಸು ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡಿದ್ದ ಮಾವ ಬಗ್ಗಿ, "ಬಾರೋ ಕಳ್ಳ," ಎಂದು ಕೈ ಚಾಚಿದರು. ಆ ಕೈ ಕಂಡದ್ದೇ ತಡ, ಹುಡುಗ ಗೋಡೆಗೆ ಅಂಟಿಕೊಂಡು ಚಡ್ಡಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಕತ್ತರಿಸಬೇಡಿ ತಾತಾ! ಇನ್ಮೇಲೆ ಗಲಾಟೆ ಮಾಡಲ್ಲ!"

ಲೆಕ್ಚರರಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸ್ನಾನಕ್ಕೆ ಬಾ ಎಂದರೆ ಬರಿಮೈಯಲ್ಲಿ ಮನೆತುಂಬ ಓಡುವ ಹುಡುಗನಿಗೆ ಮಾವ ಎರಡು ಬೆರಳನ್ನು ಕತ್ತರಿ ಮಾಡಿ ತೋರಿಸಿ, "ಮಾತು ಕೇಳದಿದ್ರೆ ಕತ್ತರಿಸಿಬಿಡ್ತೀನಿ ನೋಡು," ಎನ್ನುತ್ತಿದ್ದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವಳೂ ನಕ್ಕಿದ್ದಳು. ಅದೂ ಸಾಲದು ಎಂಬಂತೆ, ಮಕ್ಕಳಿಗೆ ಸುಳ್ಳು ಹೇಳಬಾರದೆಂಬ ಜಂಬದಲ್ಲಿ, "ಡಾಕ್ಟರ್ ಅಲ್ಲಿ ಚೂರೇ ಚೂರು ಕತ್ತರಿಸ್ತಾರೆ, ನೋವಾಗಲ್ಲ," ಎಂದು ನಿನ್ನೆ ತಾನೇ ಮುದ್ದಾಗಿ ವಿವರಿಸಿದ್ದಳು!

ಇವಳು ಕಾಲೇಜಿನಲ್ಲಿ ಕಲಿಸುವುದು ಮನಶ್ಶಾಸ್ತ್ರ. 'ಅಂಗಚ್ಛೇದನ ಭೀತಿ: ತಪ್ಪು ಮಾಡಿದರೆ ತಂದೆ ತನ್ನ ಗಂಡಸ್ತನದ ಗುರುತನ್ನೇ ಕತ್ತರಿಸುತ್ತಾನೆಂದು ಗಂಡುಮಗುವಿನ ಮನದಾಳದಲ್ಲಿ, ಅದರ ಅರಿವಿಗೇ ಬಾರದಂತೆ ಕೂತ ಭಯ.' ಎರಡು ಮಾರ್ಕಿನ ಪ್ರಶ್ನೆ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು ಏಳುವ ಮೊದಲೇ ಗಡಗಡನೆ ಬರೆಸಿ, ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ನಂಬುತ್ತಾರೆ ಎಂದು ಪುಟ ತಿರುಗಿಸಿಬಿಡುತ್ತಿದ್ದಳು.

"ಎಲ್ಲಾ ನಿಮ್ಮಿಂದಲೇ ಮಾವ," ಎಂದು ಈಗ ಹಲ್ಲು ಕಚ್ಚಿದಳು.

"ಅಯ್ಯೋ, ತಮಾಷೆಗೆ ಹೇಳಿದ್ದಮ್ಮ! ನಮ್ಮಪ್ಪನೂ ನನ್ನನ್ನ ಹೀಗೇ ಹೆದರಿಸ್ತಿದ್ರು. ನನಗೇನಾಯ್ತು?"

"ಏನಾಯ್ತೋ ನಿಮಗೂ ಗೊತ್ತಿಲ್ಲ. ಪಾಠ ಇರೋದೇ ಅದು."

ಮಾವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವರ ಜೊತೆ ವಾದಿಸುತ್ತ ಕೂರಲು ಹೊತ್ತೂ ಇರಲಿಲ್ಲ. ಅವಳು ಸೀರೆ ಎತ್ತಿ ಸಿಕ್ಕಿಸಿ, ಫಿನಾಯಿಲ್ ವಾಸನೆಯ ನೆಲದ ಮೇಲೆ ಅಂಬೆಗಾಲಿಟ್ಟು ಮಂಚದ ಕೆಳಗೆ ತೂರಿಕೊಂಡಳು.

"ಯಾರೂ ಅದನ್ನ ಕತ್ತರಿಸಲ್ಲ ಕಂದಾ. ತಾತ ಸುಮ್ನೆ ಹೇಳಿದ್ದು."

"ಸುಳ್ಳು! ಪಾಪುಂದು ಕತ್ತರಿಸಿದ್ದಾರಲ್ಲ? ನೀನು ಬಟ್ಟೆ ಬದಲಾಯಿಸುವಾಗ ನೋಡಿದೀನಿ."

ಸದ್ಯ, ಇಷ್ಟೇ ತಾನೆ ಎಂದು ಅವಳಿಗೆ ಹೋದ ಜೀವ ಬಂದಂತಾಯಿತು. "ಪೆದ್ದು, ಅವಳು ಹುಡುಗಿ ಕಣೋ. ಹುಡುಗೀರು ಇರೋದೇ ಹಾಗೆ. ನಾನೂ ಹಾಗೇ."

ಹುಡುಗ ಚಡ್ಡಿ ಹಿಡಿದಿದ್ದ ಕೈ ಬಿಟ್ಟ. ಅಮ್ಮನ ಹತ್ತಿರಕ್ಕೆ ಸರಿದ. ಕಣ್ಣಲ್ಲಿ ನೀರು ತುಂಬಿಕೊಂಡು, ಅವಳ ಕೆನ್ನೆಯ ಮೇಲೆ ಮೆಲ್ಲಗೆ ಕೈ ಇಟ್ಟ.

"ನೀನೂ ಮಾತು ಕೇಳ್ತಿರ್ಲಿಲ್ವಾ ಅಮ್ಮಾ?"

ಹೊರಗೆ ನರ್ಸ್ ಬೇರೆ ಮಗುವನ್ನು ಕರೆದಳು.